ಕಲಾ ರೇಷ್ಮೆ

ಅವ್ವ ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಓದಲು ಬರುತ್ತದೆ, ಆದರೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಅಕ್ಕಿಯಲ್ಲಿ ಹರಳು ಆರಿಸಿದಂತೆ ಓದುತ್ತಾಳೆ. ಆ ದಿನ ನಾನು ಅಂಗಡಿಯಿಂದ ತಂದು ಕಟ್ಟೆಯ ಮೇಲಿಟ್ಟಿದ್ದ ಚೀಟಿಯನ್ನೂ ಹಾಗೆಯೇ ಓದಿದಳು. ಅಂಗೈ ಅಗಲದ ಚೀಟಿ, ಕೆಂಪು ಅಕ್ಷರ. “ಇದು ನಕಲಿ ರೇಷ್ಮೆ. ಅಸಲಿ ರೇಷ್ಮೆ ಅಲ್ಲ.” ಎರಡನೆಯ ಪದದ ಮೇಲೆ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಿದಳು. ಆಮೇಲೆ, ಇದನ್ನ ಎಲ್ಲಿ ಹಚ್ಚತಾರ ಎಂದು ಕೇಳಿದಳು.

ನಿನ್ನ ಸೀರೆಗೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ನಿಂತೆ. ನಾನು ಸುಮ್ಮನೆ ನಿಲ್ಲುವವಳಲ್ಲ ಎಂಬುದು ಅವಳಿಗೆ ಗೊತ್ತು, ಅದಕ್ಕೇ ಉತ್ತರ ಅವಳಿಗೆ ತಿಳಿದುಹೋಯಿತು.

ಇಳಕಲ್ಲಿನ ಬಜಾರಿನಿಂದ ಎರಡು ಓಣಿ ಹಿಂದೆ ನಮ್ಮದೊಂದು ಸೀರೆ ಅಂಗಡಿ ಇದೆ. ಅಂಗಡಿ ನನ್ನದು, ಮಗ್ಗ ಅವ್ವನದು. ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಕುಣಿ ತೋಡಿ ಕೂರಿಸಿದ ಮಗ್ಗ ಅದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳೆಂದರೆ ಮಾತೆಲ್ಲ ಲಾಳಿಯದೇ. ನಮ್ಮ ಸೀರೆಯ ಮೈ ಹತ್ತಿಯದು, ಸೆರಗು ಚಮಕಾದ್ದು. ಚಮಕಾ ಅಂದರೆ ರೇಷ್ಮೆಯಂತೆ ಹೊಳೆಯುವ, ಆದರೆ ರೇಷ್ಮೆಯಲ್ಲದ, ಗಿರಣಿಯಲ್ಲಿ ತಯಾರಾದ ನೂಲು. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಎಷ್ಟು ಎಳೆಯೋ ಅಷ್ಟು ಕೊಂಡಿ, ಎಲ್ಲವೂ ಕೈಯಲ್ಲೇ. ಕಮತಗಿಯಿಂದಲೋ ಬೇವೂರಿನಿಂದಲೋ ಬಂದ ಹೆಣ್ಣುಮಕ್ಕಳು ಅಂಗಡಿಯ ಮೆಟ್ಟಿಲು ಹತ್ತುತ್ತಲೇ, ಚಮಕಾ ಸೆರಗಿಂದು ತೋರಸ್ರಿ ಅನ್ನುತ್ತಾರೆ. ಅದನ್ನು ರೇಷ್ಮೆ ಎಂದು ತಿಳಿದು ಅವರು ಕೊಳ್ಳುವುದಿಲ್ಲ, ಅದನ್ನು ಯಾರೂ ನಕಲಿ ಅನ್ನುವುದೂ ಇಲ್ಲ.

ಆದೇಶ ಬಂದದ್ದು ಬಾಗಲಕೋಟೆಯ ಕಚೇರಿಯಿಂದ. ಹೊರಗಿನ ಊರಿನ ಗಿರಾಕಿಗಳಿಗೆ ಮೋಸವಾಗುತ್ತಿದೆ ಎಂಬ ದೂರು ಬಂದಿತ್ತಂತೆ. ಅಪ್ಪಟ ರೇಷ್ಮೆಯಲ್ಲದ ಪ್ರತಿಯೊಂದು ಸೀರೆಗೂ ಆ ಕೆಂಪು ಚೀಟಿ ಹಚ್ಚಬೇಕು, ಅದೇ ಎರಡು ವಾಕ್ಯವನ್ನು ಅಂಗಡಿಯ ಬಾಗಿಲಲ್ಲಿ ದೊಡ್ಡದಾಗಿ ಬರೆಸಬೇಕು, ಹಾಗೆ ಮಾಡುತ್ತೇವೆಂದು ಮೂವತ್ತು ದಿನಗಳೊಳಗೆ ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲದಿದ್ದರೆ ಪರವಾನಗಿ ತಡೆಹಿಡಿಯಲಾಗುವುದು. ಪದಗಳನ್ನು ಬದಲಿಸುವಂತಿಲ್ಲ ಎಂದು ಕೊನೆಯಲ್ಲಿ ಬೇರೆ ಬರೆದಿದ್ದರು.

ಅವ್ವ ಒಳಗೆ ಹೋಗಿ ಲಾಳಿಯನ್ನು ಗೂಟಕ್ಕೆ ಸಿಕ್ಕಿಸಿದಳು. ಅರ್ಧ ನೇಯ್ದ ಸೀರೆಯ ಮೇಲೆ ಅಪ್ಪನ ಹಳೆಯ ಧೋತರ ಹೊದಿಸಿದಳು.

“ನಾ ನೇಯ್ದಿದ್ದಕ್ಕ ನಕಲಿ ಅಂತ ಹಚ್ಚಿ ಮಾರೂದಾದ್ರ, ನಾ ನೇಯಂಗಿಲ್ಲ” ಎಂದಳು.

ಸಿಟ್ಟಿನಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಬೆಂಡಿಕಾಯಿ ತರಬೇಡ ಎನ್ನುವಷ್ಟು ಸಲೀಸಾಗಿ ಹೇಳಿದಳು. ಮಾರನೆಯ ದಿನ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಮಗ್ಗದ ಸದ್ದೂ ಇತ್ತು, ನಮ್ಮ ಮನೆಯದೊಂದು ಇರಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಆ ಕೈಗಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಜೋಳ ಹಸನು ಮಾಡಲು ಕೊಟ್ಟರೆ ಅರ್ಧಕ್ಕೇ ಮೊರ ಪಕ್ಕಕ್ಕಿಟ್ಟು ಪಡಸಾಲೆಯ ಕಡೆ ನೋಡುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಊಟವೂ ಕಡಿಮೆಯಾಯಿತು. ಹೀಗೇ ಬಿಟ್ಟರೆ ಇವಳು ಎದ್ದು ಓಡಾಡುವುದನ್ನೂ ಬಿಟ್ಟಾಳು ಎಂದು ನನಗೆ ನಿಜಕ್ಕೂ ಭಯವಾಯಿತು.

ಭಯವಾದಾಗ ನಾನು ಜಗಳಕ್ಕೆ ಹೊರಡುತ್ತೇನೆ. ಅದು ನನ್ನ ಹುಟ್ಟುಗುಣ. ಬಜಾರಿನ ವ್ಯಾಪಾರಸ್ಥರೆಲ್ಲ ಸೇರಿ ಚಹಾ ಕುಡಿದು, ಸರ್ಕಾರದ ಸಂಗಡ ಯಾಕ ಬೇಕು ಎಂದು ಗಡ್ಡ ಕೆರೆದುಕೊಂಡು, ಕೊನೆಗೆ ನನ್ನ ಕಡೆ ತಿರುಗಿದರು. ನಿಮ್ಮ ಬಾಯಿ ಜೋರ ಐತಿ ಅಕ್ಕಾರ, ನೀವ ಮುಂದ ಹೋಗ್ರಿ ಅಂದರು. ಇದು ಹೊಗಳಿಕೆಯೋ ಬೈಗುಳವೋ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಮುಂದೆ ಹೋಗುವುದು ನನಗೆ ಇಷ್ಟ, ಹೋದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಬ್ಬ ವಕೀಲೆ ಇದ್ದಾಳೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಮನೆಯ ಮುಂದಿನ ಕೋಣೆಯೇ ಅವಳ ಆಫೀಸು. ಚೀಟಿಯನ್ನು ತಿರುವಿ ಮುರುವಿ ನೋಡಿ, ಆದೇಶವನ್ನು ಎರಡು ಸಲ ಓದಿ, ಮಾತಾಡುವ ಹಕ್ಕಿನೊಳಗೇ ಮಾತಾಡದಿರುವ ಹಕ್ಕೂ ಇರುತ್ತದೆ ಎಂದು ವಿವರಿಸಿದಳು. ಆದರೆ ವ್ಯಾಪಾರ ಮಾಡುವವರಿಗೆ ಅದು ಪೂರ್ತಿ ಸಿಗುವುದಿಲ್ಲವಂತೆ. ಔಷಧದ ಬಾಟಲಿಯ ಮೇಲೆ ಒಳಗೆ ಏನಿದೆ ಅಂತ ಬರೆಯಲೇಬೇಕು, ಗಿರಾಕಿಗೆ ಅದು ಬೇಕು. ಸೀರೆಯ ನೂಲು ಯಾವುದು ಅಂತ ಹೇಳು ಎಂದರೆ ಹೇಳಲೇಬೇಕು, ಅದಕ್ಕೆ ಜಗಳ ಮಾಡಿದರೆ ನಾವೇ ಸೋಲುತ್ತೇವೆ ಅಂದಳು. ನನ್ನ ಮುಖ ಇಳಿದದ್ದನ್ನು ನೋಡಿ ನಕ್ಕಳು.

“ಖರೆ ಇದ್ದದ್ದನ್ನ ಹೇಳ್ರಿ ಅಂತ ಸರ್ಕಾರ ಹೇಳಬಹುದು, ಅಕ್ಕಾರ. ತನ್ನ ಬೈಗುಳಾ ನಿಮ್ಮ ಬಾಯಾಗ ಇಟ್ಟು ಹೇಳಸಾಕ ಬರಂಗಿಲ್ಲ. ರೇಷ್ಮಿ ಅಲ್ಲ ಅನ್ನೂದು ಸಂಗತಿ. ನಕಲಿ ಅನ್ನೂದು ಬೈಗುಳ. ನಾವು ಆ ಒಂದು ಪದಕ್ಕ ಹೊಡದಾಡೋಣ.”

ನನಗೆ ಅವಳನ್ನು ಎತ್ತಿ ಮುದ್ದಾಡುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವಳು ಪೆನ್ನು ತೆಗೆದುಕೊಂಡು, ಇಷ್ಟು ವರ್ಷ ನೀವು ಸೀರೆಯ ಮೇಲೆ ಏನಂತ ಬರೆಯುತ್ತಿದ್ದಿರಿ ಎಂದು ಕೇಳಿದಳು.

“ಚಮಕಾ ಅಂತ” ಎಂದೆ.

ಅವಳು ಬರೆದುಕೊಂಡಳು. ನಾನು ಸುಳ್ಳು ಹೇಳಿದ್ದೆ.

ನಿಜ ಏನೆಂದರೆ, ಅಂಗಡಿ ಹಾಕಿದ ಹೊಸದರಲ್ಲಿ ನೂಲಿನ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ‘ಆರ್ಟ್ ಸಿಲ್ಕ್’ ಎಂದು ಬರೆದಿರುತ್ತಿತ್ತು. ಪಿಯುಸಿವರೆಗೆ ಓದಿದ ನನಗೆ ಆರ್ಟ್ ಅಂದರೆ ಕಲೆ, ಸಿಲ್ಕ್ ಅಂದರೆ ರೇಷ್ಮೆ. ಹುನಗುಂದದ ಪೇಂಟರನಿಗೆ ಹೇಳಿ ಬೋರ್ಡಿನ ಮೇಲೆ ‘ಕಲಾ ರೇಷ್ಮೆ ಸೀರೆಗಳು’ ಎಂದು ಬರೆಸಿದೆ. ಅವನು ಬಹಳ ಮನಸ್ಸಿಟ್ಟು ಪಕ್ಕದಲ್ಲೊಂದು ನವಿಲನ್ನೂ ಬಿಡಿಸಿದ. ಅದನ್ನೇ ನೋಡಿ ಚೀಟಿಗಳನ್ನೂ ಅಚ್ಚು ಹಾಕಿಸಿದೆ. ಎರಡು ವರ್ಷವಾದ ಮೇಲೆ ನೂಲಿನ ಏಜಂಟನೊಬ್ಬ ಬೋರ್ಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಕಲೆಯಲ್ಲ ಅಕ್ಕಾರ, ಆರ್ಟಿಫಿಶಿಯಲ್ ಅನ್ನುವುದನ್ನು ಮೊಟಕು ಮಾಡಿದ್ದು, ಕೃತಕ ಅಂತ ಅರ್ಥ ಎಂದು ಬಿಡಿಸಿ ಹೇಳಿದ. ನಾನೂ ನಕ್ಕೆ. ಅವನಿಗೆ ಚಹಾ ತರಿಸಿದೆ. ಬೋರ್ಡನ್ನು ಮಾತ್ರ ಇಳಿಸಲಿಲ್ಲ. ಚೀಟಿ ಮುಗಿದಾಗ ಅದೇ ಚೀಟಿಯನ್ನು ಮತ್ತೆ ಅಚ್ಚು ಹಾಕಿಸಿದೆ.

ನಮ್ಮ ಸೀಮೆಯ ಗಿರಾಕಿಗೆ ಆ ಚೀಟಿಯ ಹಂಗಿರಲಿಲ್ಲ. ಅದು ಕೆಲಸ ಮಾಡುತ್ತಿದ್ದದ್ದು ಹೊರಗಿನವರ ಮೇಲೆ. ಬಾದಾಮಿಯ ಗುಹೆ ನೋಡಿಕೊಂಡು ಇಳಕಲ್ಲಿಗೆ ಸೀರೆಗೆಂದು ಬಂದವರು ಸೆರಗನ್ನು ಸವರಿ, ಇದು ರೇಷ್ಮೇನಾ ಎಂದು ಕೇಳಿದರೆ, ಕಲಾ ರೇಷ್ಮೆರಿ ಎಂದು ಹೇಳುತ್ತಿದ್ದೆ. ದರ ಚಮಕಾದ್ದೇ ತಗೊಂಡಿದ್ದೇನೆ, ಒಂದು ಪೈಸೆ ಹೆಚ್ಚಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸುಳ್ಳು ಹೇಳುತ್ತಿಲ್ಲ, ಚೀಟಿ ಓದುತ್ತಿದ್ದೇನೆ ಅಷ್ಟೇ ಅಂದುಕೊಳ್ಳುತ್ತಿದ್ದೆ. ಅವ್ವನಿಗೆ ಈ ಚೀಟಿಯ ಸುದ್ದಿ ಗೊತ್ತಿರಲಿಲ್ಲ. ಮೊಣಕಾಲು ನೋವಿನಿಂದ ಅವಳು ಅಂಗಡಿಗೆ ಬರುವುದನ್ನು ಬೋರ್ಡು ಏರುವ ಮೊದಲೇ ನಿಲ್ಲಿಸಿದ್ದಳು. ಸೀರೆ ಮಡಚಿ ನನ್ನ ಕೈಗೆ ಕೊಟ್ಟರೆ ಅವಳ ಕೆಲಸ ಮುಗಿಯಿತು.

ವಿದ್ಯಾಗಿರಿಯಿಂದ ಬಂದ ದಿನವೇ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕಪಾಟಿನ ಸೀರೆಗಳ ಚೀಟಿಗಳನ್ನೆಲ್ಲ ಕಿತ್ತೆ. ಅಂಟು ಬಿಡದಿದ್ದ ಕಡೆ ಉಗುರಿನಿಂದ ಕೆರೆದೆ. ಬೋರ್ಡಿನ ಆ ಸಾಲಿನ ಮೇಲೆ ನಾನೇ ಏಣಿ ಹತ್ತಿ ಬಿಳಿ ಬಣ್ಣ ಬಳಿದೆ. ನವಿಲು ಉಳಿಯಿತು. ಎದುರಿನ ಅಂಗಡಿಯವನು ಏನಕ್ಕಾರ ಬಣ್ಣಾ ಎಂದು ಕೇಳಿದರೆ, ಹಬ್ಬ ಬಂತಲ್ಲ ಎಂದೆ. ಯಾವ ಹಬ್ಬವೂ ಬಂದಿರಲಿಲ್ಲ. ಸರ್ಕಾರದವರು ನನ್ನ ಬಾಯಿಗೆ ಮಾತು ತುರುಕುತ್ತಿದ್ದಾರೆ ಎಂದು ಊರೆಲ್ಲ ಕೂಗುತ್ತಿದ್ದವಳು, ನಾನೇ ಬರೆಸಿದ ಮಾತನ್ನು ಕಳ್ಳಿಯಂತೆ ಒರೆಸುತ್ತ ನಿಂತಿದ್ದೆ. ಆಗ ನಾಚಿಕೆ ಆಗಲಿಲ್ಲ. ಸಿಕ್ಕಿಬಿದ್ದೇನು ಎಂಬ ಹೆದರಿಕೆ ಮಾತ್ರ ಇತ್ತು.

ವಕೀಲೆ ಹಾಕಿದ ತಕರಾರಿನ ಮೇಲೆ ವಿಚಾರಣೆಗೆ ಕರೆ ಬಂದಾಗ ಅವ್ವ ತಾನೂ ಬರುತ್ತೇನೆಂದಳು. ಮಾತು ನನ್ನ ನೇಯ್ಗೆಯ ಮೇಲೆ, ನಾನಿರಬೇಕು ಅಂದಳು. ಮೊಣಕಾಲು, ಬಸ್ಸು, ಬಿಸಿಲು, ಕಚೇರಿಯ ಮೆಟ್ಟಿಲು, ಹೀಗೆ ನೂರು ನೆವ ಹೇಳಿದೆ. ವಕೀಲೆ ಫೋನಿನಲ್ಲಿ, ಕರಕೊಂಡ ಬರ್ರಿ ಅಕ್ಕಾರ, ನೇಯ್ದವರೇ ಎದುರಿಗೆ ಕೂತರೆ ಸಾಹೇಬ್ರಿಗೂ ತಿಳೀತದ ಎಂದು ಉಬ್ಬಿ ಹೇಳಿದಳು. ಬೇಡ ಎನ್ನಲು ನನ್ನಲ್ಲಿ ಹೇಳಬಹುದಾದ ಕಾರಣ ಒಂದೂ ಇರಲಿಲ್ಲ.

ಕಚೇರಿಯ ಸಾಹೇಬರು ಮೈಸೂರು ಕಡೆಯವರು. ನಾನು ಅವರನ್ನು ಕಾಣುವ ಮೊದಲೇ ಅವರೊಬ್ಬ ದರ್ಪದ ಮನುಷ್ಯ ಎಂದು ತೀರ್ಮಾನಿಸಿಬಿಟ್ಟಿದ್ದೆ. ಹಾಗಿರಲಿಲ್ಲ. ಅವ್ವನಿಗೆ ತಾವೇ ಎದ್ದು ಫ್ಯಾನಿನ ಕೆಳಗಿನ ಕುರ್ಚಿ ಎಳೆದುಕೊಟ್ಟರು. ವಕೀಲೆ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಅವಳು ಆ ದಿನ ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ, ನೂಲು ಬೇರೆ ನೇಯ್ಗೆ ಬೇರೆ ಎಂಬ ಭಾಗ ಬಂದಾಗ ಅವ್ವ ಕೂತಲ್ಲೇ ತಲೆಯಾಡಿಸಿದಳು. ಸಾಹೇಬರು ತಮ್ಮ ಕಡೆಯ ಮಾತು ಹೇಳಿದರು. ಜನಸಾಮಾನ್ಯರಿಗೆ ಒಂದೇ ನೋಟಕ್ಕೆ ಅರ್ಥವಾಗುವ ಪದ ಬೇಕಿತ್ತು, ಕೃತಕ ಅಂದರೆ ಎಷ್ಟೋ ಜನಕ್ಕೆ ತಿಳಿಯುವುದಿಲ್ಲ, ಚಮಕಾ ಅಂದರೆ ಈ ಜಿಲ್ಲೆಯ ಹೊರಗೆ ಯಾರಿಗೂ ತಿಳಿಯುವುದಿಲ್ಲ, ನಕಲಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಹಾಗೆ ಹೇಳಿಯೂ, ಅದು ನೇಯ್ದವರಿಗೆ ನೋವಾಗುವ ಪದ ಎಂಬುದನ್ನು ತಾವು ಯೋಚಿಸಿರಲಿಲ್ಲ ಎಂದು ಒಪ್ಪಿಕೊಂಡರು. ವಕೀಲೆ ಮೇಜಿನ ಕೆಳಗೆ ನನ್ನ ಮೊಣಕೈ ಮುಟ್ಟಿದಳು. ಗೆದ್ದೆವು ಎಂದುಕೊಂಡೆ.

ಆಗ ಅವರು, ಹಾಗಾದರೆ ತಾವು ಇಷ್ಟು ವರ್ಷ ಸೀರೆಯ ಮೇಲೆ ಏನೆಂದು ಬರೆಯುತ್ತಿದ್ದಿರಿ ಎಂದು ಕೇಳಿದರು. ನನ್ನ ಪರವಾಗಿ ವಕೀಲೆ, ಚಮಕಾ ಎಂದು, ಅಂದಳು. ಸಾಹೇಬರು ಮೇಜಿನ ಖಾನೆಯಿಂದ ಒಂದು ಸೀರೆ ತೆಗೆದು ಎದುರಿಗಿಟ್ಟರು.

ಅದು ನನ್ನ ಅಂಗಡಿಯದೇ ಎಂದು ಗುರುತು ಸಿಕ್ಕು ತಲೆ ತಗ್ಗಿಸಿದೆ. ಅವ್ವನ ಮುಖ ಮಾತ್ರ ಅರಳಿತು. ಕುರ್ಚಿಯಿಂದ ಬಾಗಿ ಸೆರಗಿನ ಅಂಚನ್ನು ಬೆರಳಲ್ಲಿ ಮುಟ್ಟಿ, ಇದು ನಂದರಿ, ಈ ಕೊಂಡಿ ನಾ ಹಾಕಿದ್ದು ಅಂದಳು. ಎಷ್ಟೋ ವಾರಗಳ ಮೇಲೆ ಅವಳ ದನಿಯಲ್ಲಿ ಅಷ್ಟು ಜೀವ ಕೇಳಿದೆ. ಸೀರೆಯ ಮಡಿಕೆ ಬಿಚ್ಚುತ್ತ ಹೋದವಳಿಗೆ ಚೀಟಿ ಸಿಕ್ಕಿತು. ನವಿಲಿನ ಚೀಟಿ. ಅವಳು ಬೆರಳಿಟ್ಟಳು. ಕ, ಲಾ. ಓದಿ ನನ್ನ ಕಡೆ ತಿರುಗಿದಳು.

“ಇದು ಚಮಕಾ ಐತೆಲ್ಲಾ. ಚಮಕಾ ಅಂತ ಯಾಕ ಬರಸಲಿಲ್ಲ ನೀ?”

ಸಾಹೇಬರು ದೂರಿನ ಪತ್ರವನ್ನು ಓದಿದರು. ದೂರು ಕೊಟ್ಟವರು ಬಾದಾಮಿಯಲ್ಲಿ ಬ್ಯಾಂಕಿನ ನೌಕರಿ ಮಾಡಿ ನಿವೃತ್ತರಾಗಿ ಅಲ್ಲೇ ಮನೆ ಮಾಡಿಕೊಂಡಿರುವ, ತುಮಕೂರು ಕಡೆಯ ಹೆಂಗಸು. ಮಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣಕ್ಕೆ ಬೀಗಿತ್ತಿಗೆ ಉಡುಗೊರೆ ಕೊಡಲು ನನ್ನ ಅಂಗಡಿಯಿಂದ ಸೀರೆ ಒಯ್ದಿದ್ದರು. ಬೀಗಿತ್ತಿಗೆ ರೇಷ್ಮೆ ಸೆರಗು ಎಂದು ಹೇಳಿಯೇ ಕೊಟ್ಟರು. ಬೀಗರ ಪೈಕಿ ಯಾರೋ ಒಬ್ಬರು, ನೋಡೇಬಿಡೋಣ ಎಂದು ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಎಲ್ಲರೆದುರಿಗೆ ದೀಪಕ್ಕೆ ಹಿಡಿದರು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಇದು ಕಾಗದದಂತೆ ಭಗ್ಗೆಂದು ಉರಿದು ಬೂದಿಯಾಯಿತು. ಬೀಗಿತ್ತಿ ಸೀರೆಯನ್ನು ಮಡಚಿ ಅಲ್ಲೇ ಹಿಂದಕ್ಕೆ ಕೊಟ್ಟರು. ಅಂದಿನಿಂದ ಮಗಳಿಗೆ ಆ ಮನೆಯಲ್ಲಿ ಚುಚ್ಚುಮಾತು ತಪ್ಪಿಲ್ಲ. ಅಂಗಡಿಯಲ್ಲಿ ನಾನು ಬಾಯಿಬಿಟ್ಟು ಕೇಳಿದ್ದೆ, ಕಲಾ ರೇಷ್ಮೆ ಎಂದೇ ಉತ್ತರ ಕೊಟ್ಟರು ಎಂದು ಪತ್ರ ಮುಗಿದಿತ್ತು.

“ಆ ಪದದ ಅರ್ಥ ತಮಗೆ ಗೊತ್ತಿತ್ತೇ?” ಎಂದು ಸಾಹೇಬರು ನನ್ನನ್ನು ಕೇಳಿದರು.

ವಕೀಲೆ ತಟ್ಟನೆ, ಈ ಪ್ರಶ್ನೆಗೆ ಅವರು ಉತ್ತರ ಕೊಡಬೇಕಿಲ್ಲ ಎಂದಳು. ಹಾಗಾದರೆ ಕೊಡಬೇಡಿ ಎಂದು ಸಾಹೇಬರೂ ಅಂದರು. ನಾನು ಸುಮ್ಮನೆ ಕೂತೆ. ಕಾಯಿದೆ ನನಗೆ ಕೊಟ್ಟ ಮೌನ ಅದು, ಎಷ್ಟು ಬೇಕಾದರೂ ಕೂರಬಹುದಿತ್ತು. ಉತ್ತರ ನೀಡಲಿಲ್ಲ ಎಂದು ಅವರು ಬರೆದುಕೊಂಡದ್ದು ನನಗೆ ತಲೆಕೆಳಗಾಗಿ ಕಾಣಿಸಿತು. ಅವ್ವ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸಾಹೇಬರ ಕಡೆ ತಿರುಗಿ ಕೈ ಮುಗಿದಳು.

“ನೂಲು ರೇಷ್ಮಿ ಅಲ್ಲ ಅಂತ ಬರಸ್ರಿ ಸಾಹೇಬ್ರ. ಎಷ್ಟ ದೊಡ್ಡದಾಗಿ ಬೇಕಾದ್ರೂ ಬರಸ್ರಿ. ನೇಯ್ಗಿ ನಕಲಿ ಅಂತ ಬರಸಬ್ಯಾಡ್ರಿ. ಅದು ಖರೆ ಅಲ್ಲ.”

ಹೊರಗೆ ಬಂದ ಮೇಲೆ ವಕೀಲೆ ಫೈಲನ್ನು ಎದೆಗವಚಿಕೊಂಡು, ನನಗಾದ್ರೂ ಖರೆ ಹೇಳಬೇಕಿತ್ತರಿ ಎಂದಳು. ಅಷ್ಟೇ. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಮೆಟ್ಟಿಲಿಳಿದು ಸ್ಕೂಟಿ ಚಾಲೂ ಮಾಡಿ ಹೋದಳು.

ಇಳಕಲ್ಲಿನ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಳು. ಕಮತಗಿ ಬಂತು. ಬಸ್ಸು ನಿಂತು ಜನ ಹತ್ತಿ ಇಳಿಯುವ ಗದ್ದಲದಲ್ಲಿ, ನನ್ನ ಕಡೆ ನೋಡದೆ, ನಿನಗೆ ಗೊತ್ತಿತ್ತೇನು ಎಂದು ಕೇಳಿದಳು. ಹೂಂ ಅಂದೆ. ಎಂದಿನಿಂದ ಎಂದು ಕೇಳಿದಳು. ಹೇಳಿದೆ. ಹುನಗುಂದ ದಾಟಿತು, ಊರು ಬಂತು, ಮನೆ ಬಂತು, ಮತ್ತೊಂದು ಮಾತಿಲ್ಲ. ಅವಳು ಬೈದರೆ ಸಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಚಿಕ್ಕಂದಿನಲ್ಲಿ ಬೈದು ಆಮೇಲೆ ರೊಟ್ಟಿಗೆ ಬೆಣ್ಣೆ ಹಚ್ಚಿಕೊಡುತ್ತಿದ್ದಳು. ಆ ದಿನ ರೊಟ್ಟಿ ಬಡಿದು ಮುಚ್ಚಿಟ್ಟು ತಾನು ಊಟ ಮಾಡದೆ ಮಲಗಿದಳು.

ಮೂರು ವಾರಕ್ಕೆ ಹೊಸ ಆದೇಶ ಬಂತು. ನಕಲಿ ಎಂಬ ಪದ ಹೋಗಿತ್ತು. ‘ಮೈ ಹತ್ತಿ. ಸೆರಗಿನ ನೂಲು ಚಮಕಾ, ಅಂದರೆ ಕೃತಕ ರೇಷ್ಮೆ. ಅಸಲಿ ರೇಷ್ಮೆ ಅಲ್ಲ. ಕೈಮಗ್ಗದಲ್ಲಿ ನೇಯ್ದದ್ದು’ ಎಂದು ಬರೆಯಬೇಕು. ಕೆಂಪು ಅಕ್ಷರ ಬೇಕಿಲ್ಲ. ಬಾಗಿಲಿನ ಬೋರ್ಡೂ ಬೇಕಿಲ್ಲ. ಕೆಳಗೆ ನನ್ನೊಬ್ಬಳಿಗೆ ಬೇರೆಯಾಗಿ ಒಂದು ಸಾಲು. ದಾರಿ ತಪ್ಪಿಸುವ ಚೀಟಿಯ ಬಗೆಗಿನ ದೂರು ಇನ್ನೂ ವಿಚಾರಣೆಯಲ್ಲಿದೆ. ಬಜಾರಿನವರಿಗೆ ಆ ಸಾಲು ಕಾಣಲಿಲ್ಲ, ಅಥವಾ ಕಾಣದಂತೆ ನಟಿಸಿದರು. ಅಂಗಡಿಗೆ ಬಂದು ಹಾರ ಹಾಕಿದರು, ಕರದಂಟು ಹಂಚಿದರು, ಅಕ್ಕಾರು ಸರ್ಕಾರದ ಬಾಯಿ ಮುಚ್ಚಿಸಿದರು ಎಂದು ಭಾಷಣ ಮಾಡಿದರು. ನಾನೂ ನಾಲ್ಕು ಮಾತಾಡಬೇಕೆಂದು ಹಟ ಹಿಡಿದರು. ಗಂಟಲು ಕೆಟ್ಟಿದೆ ಎಂದೆ. ಜನ್ಮದಲ್ಲಿ ಮೊದಲ ಸಲ ನಾನು ಭಾಷಣ ಬೇಡ ಅಂದದ್ದು.

ಹಾರವನ್ನು ಅಂಗಡಿಯಲ್ಲೇ ಬಿಟ್ಟು ಆದೇಶದ ಕಾಗದ ತಗೊಂಡು ಮನೆಗೆ ಓಡಿದೆ. ಅವ್ವ ಬೆರಳಿಟ್ಟು ಎಲ್ಲ ಓದಿದಳು. ಕೆಳಗಿನ ಸಾಲನ್ನೂ ಬಿಡಲಿಲ್ಲ. ಇನ್ನು ಕೂರು ಯವ್ವಾ, ಮಗ್ಗಕ್ಕೆ ಧೂಳು ಹಿಡಿದೈತಿ ಎಂದೆ. ಅವಳು ಏಳಲಿಲ್ಲ.

“ನೇಯ್ಗಿ ಮ್ಯಾಲಿನ ನಕಲಿ ಹೋತು” ಎಂದಳು. “ನಿನ್ನ ಮ್ಯಾಲಿಂದು?”

ನನಗೆ ಸಿಟ್ಟು ಬಂತು. ಇಷ್ಟು ಓಡಾಡಿದ್ದು ಯಾರಿಗಾಗಿ, ನಿನಗಾಗಿಯೇ ಅಲ್ಲವೇ, ಊರಲ್ಲಿ ಯಾರು ಮಾಡುವುದಿಲ್ಲ, ದರ ನೋಡಿದರೆ ಆ ಹೆಂಗಸಿಗಾದರೂ ತಿಳಿಯಬಾರದಿತ್ತೇ, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಅವ್ವ ಮುಗಿಯುವತನಕ ಕಾದಳು. ತನ್ನ ಸೀರೆ ಒಂದು ಹುಡುಗಿಯ ಸಂಸಾರದಲ್ಲಿ ಚುಚ್ಚುಮಾತಾಗಿ ಕೂತಿದೆ, ಅದು ಅಲ್ಲಿಂದ ಏಳುವತನಕ ಇನ್ನೊಂದು ನೇಯಲು ಕೈ ಬರುವುದಿಲ್ಲ ಎಂದಳು. ನಾಳೆ ಬಾದಾಮಿಗೆ ಹೋಗೋಣ ಅಂದಳು.

ವಕೀಲೆಗೆ ಫೋನು ಮಾಡಿದೆ. ಹೋಗಲೇಬೇಡಿ ಎಂದಳು. ದೂರು ಇನ್ನೂ ಮುಗಿದಿಲ್ಲ, ಅಲ್ಲಿ ನೀವು ಬಾಯಿಬಿಟ್ಟು ಏನು ಹೇಳಿದರೂ ನಾಳೆ ಅದೇ ನಿಮಗೆ ಉರುಳಾಗಬಹುದು, ಅಂಗಡಿಗೇ ಬೀಗ ಬೀಳಬಹುದು ಎಂದಳು. ಅವ್ವ ಕೇಳುವುದಿಲ್ಲ ಎಂದೆ. ಕೊನೆಗೆ ಅವಳು, ವಕೀಲಳಾಗಿ ಹೇಳಬೇಕಾದ್ದು ಹೇಳೇನಿ ಅಕ್ಕಾರ ಎಂದು ಹೇಳಿ ಇಟ್ಟಳು.

ಗುಳೇದಗುಡ್ಡ ಹಾದು ಬಾದಾಮಿ ತಲುಪಿದಾಗ ಮಧ್ಯಾಹ್ನದ ಬಿಸಿಲು ಕೆಂಪು ಬಂಡೆಗಳಿಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ದೂರಿನ ಪ್ರತಿಯಲ್ಲಿದ್ದ ವಿಳಾಸ ಹಿಡಿದು ಹೊಸ ಬಡಾವಣೆಯಲ್ಲಿ ಮನೆ ಹುಡುಕಿದೆವು. ಬಾಗಿಲು ತೆರೆದ ಹೆಂಗಸು ನನ್ನನ್ನು ಕೂಡಲೇ ಗುರುತಿಸಿದರು. ಒಳಗೆ ಕರೆಯಲಿಲ್ಲ. ಅವ್ವ ಮೊಣಕಾಲು ಹಿಡಿದುಕೊಂಡದ್ದನ್ನು ನೋಡಿ ಒಂದು ಕುರ್ಚಿ ತಂದು ಪಡಸಾಲೆಯ ಹೊಸ್ತಿಲ ಬಳಿ ಇಟ್ಟರು. ನಾನು ನಿಂತೇ ಇದ್ದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಚೀಟಿಯಲ್ಲಿ ತಪ್ಪಾಗಿತ್ತು, ಇಂಗ್ಲಿಷಿನ ಪದ ತಿಳಿಯದೆ ಆದ ತಪ್ಪು, ಅದರ ಬದಲು ಒಳ್ಳೆಯ ರೇಷ್ಮೆ ಸೀರೆಯನ್ನೇ ಕಳಿಸಿಕೊಡುತ್ತೇನೆ ಎಂದೆ. ಒಂದೊಂದು ಮಾತೂ ಅರ್ಧ ನಿಜವಾಗಿತ್ತು. ಅವ್ವ ತಲೆ ಎತ್ತಲಿಲ್ಲ.

“ಸೀರೆ ಬೇಡ” ಎಂದರು ಆ ಹೆಂಗಸು. “ತಪ್ಪಾಗಿತ್ತು ಅಂತೀರಲ್ಲ. ನಾನು ಕೇಳಿದ ದಿನ ಅದು ರೇಷ್ಮೆ ಅಲ್ಲ ಅಂತ ನಿಮಗೆ ಗೊತ್ತಿತ್ತೋ, ಇಲ್ಲವೋ?”

ಕಚೇರಿಯಲ್ಲಿ ಕೇಳಿದ ಪ್ರಶ್ನೆಯೇ ಅದು. ಇಲ್ಲಿ ನನ್ನ ಪಕ್ಕದಲ್ಲಿ ವಕೀಲೆ ಇರಲಿಲ್ಲ. ಉತ್ತರ ಕೊಡಬೇಕೆಂಬ ಕಾಯಿದೆಯೂ ಇರಲಿಲ್ಲ. ಅಂಗಡಿಯ ಬಾಗಿಲಿಗೆ ಸೀಲು ಹಾಕಿದ್ದು ಕಣ್ಣೆದುರಿಗೆ ಬಂತು.

“ಗೊತ್ತಿತ್ತರಿ” ಎಂದೆ.

ಅವರು ಕ್ಷಮಿಸಿದೆ ಎನ್ನಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಒಳಗೆ ಹೋಗಿ ಮೊಬೈಲು ತಂದು ಒಂದು ನಂಬರು ಒತ್ತಿ ನನ್ನ ಕಡೆ ಚಾಚಿದರು. ಇದನ್ನ ನನಗಲ್ಲ, ನಮ್ಮ ಬೀಗಿತ್ತಿಗೆ ಹೇಳಿ ಎಂದರು.

ಆ ಕಡೆ ರಿಂಗಾಗುತ್ತಿತ್ತು. ಎತ್ತದಿರಲಿ ಎಂದು ಬೇಡಿಕೊಂಡೆ, ನಿಜ ಹೇಳುತ್ತೇನೆ. ಎತ್ತಿದರು. ಹಿಂದೆ ಮಗು ಅಳುವುದು ಕೇಳಿಸಿತು. ಯಾರು ಎಂದು ಕೇಳಿದರು.

“ನಾ ಇಳಕಲ್ಲಿಂದ ಬಂದಾಕಿ, ಸೀರಿ ಅಂಗಡ್ಯಾಕಿ” ಎಂದೆ. “ನಿಮ್ಮ ಬೀಗರಿಗೆ ಆ ಸೀರಿ ನಾನ ಕೊಟ್ಟಿದ್ದರಿ. ರೇಷ್ಮಿ ಅಲ್ಲ ಅಂತ ಅವ್ರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು.”

ಬೀಗಿತ್ತಿ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಯಾರ್ಯಾರನ್ನೋ ಹತ್ತಿರಕ್ಕೆ ಕರೆಯುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ನಾನು ಅದೇ ಮಾತನ್ನು ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಹೇಳಿದೆ.